ಗರ್ಭಕೋಶ ತೆಗೆದ ಮೇಲೆ ಮೂಳೆಯ ಪಾಡೇನು?

ಮುಟ್ಟು ನಿಂತ ಹೆಂಗಸರಿಗೆ ಹಾರ್ಮೋನ್ ಕೊಡಬೇಕೋ ಬೇಡವೋ ಎಂಬ ಜಗಳ ಶುರುವಾಗಿ ಇಪ್ಪತ್ತು ವರ್ಷ ದಾಟಿತು. ಪರ ಮಾತಾಡುವವರೂ ವಿರೋಧ ಮಾತಾಡುವವರೂ ಲೆಕ್ಕಕ್ಕೇ ಹಿಡಿಯದ ಹೆಂಗಸರು ರೊಳ್ಳ, ಅಗಳಿ, ಗುಡಿಬಂಡೆ, ಅಮರಾಪುರದ ಕಡೆ ಬೇಕಾದಷ್ಟಿದ್ದಾರೆ. ಮೂವತ್ತೈದರ ಆಸುಪಾಸಿಗೆ ಗರ್ಭಕೋಶ ತೆಗೆಸಿಕೊಂಡು, ಐವತ್ತಕ್ಕೆಲ್ಲ ಸೊಂಟ ಹಿಡಿದುಕೊಂಡೇ ಕಡಲೆಕಾಯಿ ಹೊಲಕ್ಕೆ ಕೂಲಿ ಹೋಗುವವರು ಇವರು. ಮಡಕಶಿರಾ ಸೀಮೆಯ ಈ ಊರುಗಳ ಮನೆಮಾತು ಕನ್ನಡ. ಆಡಳಿತ ಆಂಧ್ರದ್ದು, ಮೊದಲು ಅನಂತಪುರ ಜಿಲ್ಲೆ, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಕಾಯಿಲೆ ಜೋರಾದರೆ ಮಡಕಶಿರಾ, ಹಿಂದೂಪುರ, ಇಲ್ಲವೇ ಗಡಿ ದಾಟಿ ಶಿರಾ, ತುಮಕೂರು.

ಗರ್ಭಕೋಶ ತೆಗೆಸುವುದರಲ್ಲಿ ಆಂಧ್ರ ದೇಶಕ್ಕೇ ಮುಂದು. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಗರ್ಭಕೋಶ ಕಳೆದುಕೊಂಡವರು ದೇಶದಲ್ಲಿ ಶೇ. 3.2, ಆಂಧ್ರದಲ್ಲಿ ಶೇ. 8.9. ದೇಶದ ಲೆಕ್ಕದಲ್ಲಿ ಮೂರರಲ್ಲಿ ಎರಡು ಪಾಲು ಆಪರೇಷನ್ ನಡೆದದ್ದು ಖಾಸಗಿ ಆಸ್ಪತ್ರೆಗಳಲ್ಲಿ. ಗಡಿಯ ಈಚೆ ಕರ್ನಾಟಕದವರು ಬೀಗುವಂತೇನೂ ಇಲ್ಲ. ಕಲಬುರಗಿಯಲ್ಲಿ ಲಂಬಾಣಿ ಮತ್ತು ದಲಿತ ಹೆಂಗಸರ ಗರ್ಭಕೋಶವನ್ನು ಕಾರಣವಿಲ್ಲದೆ ತೆಗೆದ ಪ್ರಕರಣ ಬೀದಿ ಹೋರಾಟದವರೆಗೆ ಹೋಯಿತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಹೊರಡಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತನ್ನಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿತು.

ತೀರ್ಪು ಇನ್ನು ಮುಂದಿನವರಿಗಾಯಿತು. ಈಗಾಗಲೇ ತೆಗೆಸಿಕೊಂಡವರ ಗತಿ? ಅಲ್ಲಿಗೇ ಹಾರ್ಮೋನ್ ಚಿಕಿತ್ಸೆಯ ಪ್ರಶ್ನೆ ಬರುವುದು.

ಮೂಳೆ ಒಮ್ಮೆ ಬೆಳೆದು ಹಾಗೇ ಉಳಿಯುವ ವಸ್ತುವಲ್ಲ. ಒಂದು ಬಗೆಯ ಜೀವಕೋಶ ಹಳೆಯದನ್ನು ಕರಗಿಸುತ್ತಿರುತ್ತದೆ, ಇನ್ನೊಂದು ಹೊಸದನ್ನು ಕಟ್ಟುತ್ತಿರುತ್ತದೆ. ಕರಗಿಸುವ ಕೋಶಗಳಿಗೆ ಕಡಿವಾಣ ಹಾಕುವುದು ಅಂಡಾಶಯದಿಂದ ಬರುವ ಈಸ್ಟ್ರೋಜನ್. ಮುಟ್ಟು ನಿಂತಾಗ ಕಡಿವಾಣ ಸಡಿಲವಾಗಿ, ಮೊದಲ ಐದಾರು ವರ್ಷ ಮೂಳೆ ವೇಗವಾಗಿ ಕರಗುತ್ತದೆ. ನಮ್ಮ ದೇಶದ ಹೆಂಗಸರಿಗೆ ಸಹಜವಾಗಿ ಮುಟ್ಟು ನಿಲ್ಲುವುದು ನಲವತ್ತಾರು ನಲವತ್ತೇಳರ ಸುಮಾರಿಗೆ, ಪಶ್ಚಿಮದವರಿಗಿಂತ ನಾಲ್ಕೈದು ವರ್ಷ ಮೊದಲು. ಆಪರೇಷನ್‌ನಲ್ಲಿ ಎರಡೂ ಅಂಡಾಶಯ ಹೋದರೆ ಆ ದಿನವೇ ಈಸ್ಟ್ರೋಜನ್ ನಿಂತಿತು ಎಂದೇ ಲೆಕ್ಕ. ಮೂವತ್ತೈದಕ್ಕೆ ಹೀಗಾದವಳ ಮೂಳೆ ಓರಗೆಯವರಿಗಿಂತ ಹತ್ತು ಹನ್ನೆರಡು ವರ್ಷ ಹೆಚ್ಚು ಕಾಲ ಕಾವಲಿಲ್ಲದೆ ಇರುತ್ತದೆ.

ಹಾಗಾದರೆ ಹಾರ್ಮೋನ್ ಕೊಡುವುದಕ್ಕೆ ವೈದ್ಯರು ಹಿಂಜರಿಯುವುದೇಕೆ? ಇದರ ಮೂಲ 2002ರ ಜುಲೈನಲ್ಲಿ ಅಮೆರಿಕದಲ್ಲಿ ಹೊರಬಂದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಎಂಬ ಅಧ್ಯಯನ. 16,608 ಹೆಂಗಸರ ಮೇಲೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎರಡನ್ನೂ ಪರೀಕ್ಷಿಸಿ, ಅಪಾಯ ಹೆಚ್ಚು ಕಂಡದ್ದರಿಂದ ನಡುವೆಯೇ ನಿಲ್ಲಿಸಿದ್ದು. ಹತ್ತು ಸಾವಿರ ಹೆಂಗಸರು ಒಂದು ವರ್ಷ ಔಷಧಿ ತೆಗೆದುಕೊಂಡರೆ ಸ್ತನ ಕ್ಯಾನ್ಸರ್ ಎಂಟು ಹೆಚ್ಚು, ಪಾರ್ಶ್ವವಾಯು ಎಂಟು ಹೆಚ್ಚು. ಸೊಂಟದ ಮೂಳೆ ಮುರಿತ ಐದು ಕಡಿಮೆ. ಪತ್ರಿಕೆಗಳು ಮೊದಲೆರಡನ್ನು ಹಿಡಿದುಕೊಂಡವು. ಜಗತ್ತಿನ ಉದ್ದಗಲಕ್ಕೂ ಹೆಂಗಸರು ಗುಳಿಗೆ ಬಿಟ್ಟರು, ವೈದ್ಯರು ಬರೆಯುವುದನ್ನು ಬಿಟ್ಟರು.

ಅಧ್ಯಯನ ಸುಳ್ಳು ಹೇಳಲಿಲ್ಲ. ಅದನ್ನು ಓದಿದವರು ಅವಸರಪಟ್ಟರು. ಅದರಲ್ಲಿದ್ದವರ ಸರಾಸರಿ ವಯಸ್ಸು 63. ಬಹಳಷ್ಟು ಜನಕ್ಕೆ ಮುಟ್ಟು ನಿಂತು ಹತ್ತು ವರ್ಷವೇ ಕಳೆದಿತ್ತು. ಹೃದಯದ ರಕ್ತನಾಳಗಳು ಅಷ್ಟರಲ್ಲಿ ಗಡುಸಾಗಿರುವ ವಯಸ್ಸು ಅದು. ಎರಡು ವರ್ಷದ ನಂತರ, 2004ರಲ್ಲಿ, ಗರ್ಭಕೋಶ ಇಲ್ಲದ 10,739 ಹೆಂಗಸರಿಗೆ ಬರೀ ಈಸ್ಟ್ರೋಜನ್ ಕೊಟ್ಟ ಇನ್ನೊಂದು ಭಾಗದ ಫಲಿತಾಂಶ ಬಂತು. ಅಲ್ಲಿ ಪಾರ್ಶ್ವವಾಯು ಹೆಚ್ಚಿತು ನಿಜ, ಆದರೆ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ಸೊಂಟದ ಮುರಿತ ಮತ್ತೆ ಕಡಿಮೆಯೇ. ಪ್ರೊಜೆಸ್ಟಿನ್ ಬೇಕಾಗುವುದು ಗರ್ಭಕೋಶದ ಒಳಪದರಕ್ಕೆ ಕ್ಯಾನ್ಸರ್ ಬರದಿರಲಿ ಎಂದು. ಗರ್ಭಕೋಶವೇ ಇಲ್ಲದವರಿಗೆ ಅದರ ಹಂಗಿಲ್ಲ, ಚಿಕಿತ್ಸೆ ಇನ್ನಷ್ಟು ಸರಳ. ಈ ಎರಡನೆಯ ಸುದ್ದಿಗೆ ಮೊದಲನೆಯದರ ಕಾಲುಭಾಗ ಪ್ರಚಾರವೂ ಸಿಗಲಿಲ್ಲ. 2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಔಷಧಿಗಳ ಪೊಟ್ಟಣದ ಕಪ್ಪು ಚೌಕಟ್ಟಿನ ಎಚ್ಚರಿಕೆಯಲ್ಲಿ ಬಹುಪಾಲನ್ನು ತೆಗೆಸುವುದಾಗಿ ಪ್ರಕಟಿಸಿತು. ಈಗ ಉತ್ಸಾಹ ಇನ್ನೊಂದು ಅತಿಗೆ ಹೋಗುವ ಲಕ್ಷಣವಿದೆ. ಅದೂ ನನಗೆ ಒಪ್ಪಿಗೆಯಿಲ್ಲ.

ಅಮೆರಿಕದ 63ರ ಅಜ್ಜಿಯ ಭಯವನ್ನು ಮಡಕಶಿರಾದ 36ರ ಹೆಂಗಸಿಗೆ ಅಂಟಿಸಿದ್ದು ಈ ಇಡೀ ಪದ್ಧತಿಯ ದೊಡ್ಡ ತಪ್ಪು. ನಲವತ್ತೈದಕ್ಕೆ ಮೊದಲು ಅಂಡಾಶಯ ಕಳೆದುಕೊಂಡವಳಿಗೆ ಕೊಡುವ ಈಸ್ಟ್ರೋಜನ್ ಹೆಚ್ಚಿನದಲ್ಲ, ಅವಳ ದೇಹದಲ್ಲಿ ಆ ವಯಸ್ಸಿಗೆ ಇರಬೇಕಾದದ್ದೇ. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವ ತೊಂದರೆ, ಲಿವರ್ ಕಾಯಿಲೆಯಂಥ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಅದನ್ನು ಕೊಡಬೇಕು ಎನ್ನುವುದರಲ್ಲಿ ಪರಿಣತರ ಸಂಘಗಳಿಗೆ ಭಿನ್ನಾಭಿಪ್ರಾಯವಿಲ್ಲ.

ಇನ್ನು ಅವಳ ಕೈಗೆ ಸಿಗುವುದೇನು ನೋಡೋಣ. ಮನೆಯ ಗೂಡಿನಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಡಿಸ್ಚಾರ್ಜ್ ಕಾರ್ಡ್. ಅವಳು ಓದುವುದು ಕನ್ನಡ, ಆಸ್ಪತ್ರೆಯ ಬೋರ್ಡು ತೆಲುಗು, ಕಾರ್ಡು ಇಂಗ್ಲಿಷು. ಅದರಲ್ಲಿ ‘ಟಿಎಎಚ್’ ಎಂದಷ್ಟೇ ಇದ್ದರೆ ಹೊಟ್ಟೆ ಕೊಯ್ದು ಗರ್ಭಕೋಶ ಪೂರ್ತಿ ತೆಗೆದಿದ್ದಾರೆ ಎಂದರ್ಥ. ಅದರ ಮುಂದೆ ‘ಬಿಎಸ್‌ಒ’ ಎಂದು ಸೇರಿಸಿದ್ದರೆ ಎರಡೂ ಅಂಡಾಶಯ, ಅಂಡನಾಳಗಳೂ ಹೋಗಿವೆ. ಮೂಳೆಯ ಮುಂದಿನ ಮೂವತ್ತು ವರ್ಷದ ಹಣೆಬರಹ ಆ ಮೂರಕ್ಷರದಲ್ಲಿದೆ. “ಚೀಲ ತೆಗೆದ್ರು” ಎಂಬುದರಾಚೆ ಅವಳಿಗೆ ಯಾರೂ ಏನೂ ಹೇಳಿರುವುದಿಲ್ಲ. ಅಂಡಾಶಯ ಉಳಿಸಿದ್ದರೂ ತೊಡಕು ತಪ್ಪಿದ್ದಲ್ಲ: ಕೆಲವರಲ್ಲಿ ಅದು ಒಂದೆರಡು ವರ್ಷ ಮೊದಲೇ ಸೋಲುತ್ತದೆ, ಮುಟ್ಟೇ ಬಾರದವಳಿಗೆ ಅದು ಸೋತದ್ದು ಗೊತ್ತಾಗುವುದು ಹೇಗೆ? ಮೈ ಕಾವೇರಿ ಬೆವರಿದರೆ ಬಿಸಿಲಿನದ್ದು ಎನ್ನುತ್ತಾಳೆ. ಮುಟ್ಟಾದ ಹೆಂಗಸು ಹಟ್ಟಿಯ ಹೊರಗೆ ಮಲಗಬೇಕಾದ ಗೊಲ್ಲರಹಟ್ಟಿಗಳು ಈ ಗಡಿಯ ಎರಡೂ ಬದಿಗೆ ಇವೆ. ಅಂಥ ಕಡೆ ಮುಟ್ಟು ತಪ್ಪಿದ್ದು ಬಿಡುಗಡೆ ಎನಿಸಿದರೆ ಅವಳನ್ನು ದೂರುವಂತಿಲ್ಲ.

ಕಾರ್ಡಿನ ಕೊನೆಯಲ್ಲಿ ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆ, ನೋವಿನ ಗುಳಿಗೆ. ಕ್ಯಾಲ್ಸಿಯಂ ಕೊಟ್ಟು ಕಳಿಸಿದರೆ ಮೂಳೆಯ ಕೆಲಸ ಮುಗಿಯಿತು ಎಂಬ ನಂಬಿಕೆ ವೈದ್ಯರಲ್ಲೂ ಇದೆ. ರಾಗಿ ಸೀಮೆಯವರಾದ ನಮಗೆ ಇನ್ನೊಂದು ಹಮ್ಮು. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಸುಮಾರು ಕ್ಯಾಲ್ಸಿಯಂ ಇರುವುದು ಹೌದು. ಮುಟ್ಟು ನಿಂತವರಿಗೆ ದಿನಕ್ಕೆ ಬೇಕಾದ್ದು 1200. ರೇಷನ್ ಅಕ್ಕಿ ಬಂದ ಮೇಲೆ ಮುದ್ದೆ ಒಂದು ಹೊತ್ತಿಗೆ ಇಳಿದಿದೆ. ಬಿಸಿಲಿನ ನಾಡೆಂದು ಡಿ ಜೀವಸತ್ವದ ಚಿಂತೆ ಬಿಡೋಣ ಎಂದರೆ, ಅದೇ ರಾಯಲಸೀಮೆಯ ತಿರುಪತಿಯಲ್ಲಿ ಸಿ.ವಿ. ಹರಿನಾರಾಯಣ್ ಮುಟ್ಟು ನಿಂತ 164 ಹೆಂಗಸರನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹತ್ತರಲ್ಲಿ ಎಂಟು ಮಂದಿಗೆ ಅದು ಸಾಲದು. ಮುದ್ದೆ, ಬಿಸಿಲು, ಗುಳಿಗೆ ಮೂರೂ ಬೇಕು. ಮೂರೂ ಇಟ್ಟಿಗೆ ಒದಗಿಸುತ್ತವೆ. ಗೋಡೆ ಕೆಡವುವವನ ಕೈ ಹಿಡಿಯುವುದು ಈಸ್ಟ್ರೋಜನ್ನೇ.

ಇಲ್ಲಿ ನೀರೂ ಆಟ ಆಡುತ್ತದೆ. ಅನಂತಪುರ, ಪಾವಗಡ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದು ಹೊಸ ಸುದ್ದಿಯಲ್ಲ. ಫ್ಲೋರೈಡ್ ಮೂಳೆಯನ್ನು ದಟ್ಟ ಮಾಡುತ್ತದೆ, ಗಟ್ಟಿ ಮಾಡುವುದಿಲ್ಲ. ಹಿಂದೊಮ್ಮೆ ಇದನ್ನೇ ಔಷಧಿ ಮಾಡಲು ಹೋಗಿದ್ದರು: 1990ರಲ್ಲಿ ಪ್ರಕಟವಾದ ರಿಗ್ಸ್ ಮತ್ತು ಸಂಗಡಿಗರ ಪ್ರಯೋಗದಲ್ಲಿ ನಾಲ್ಕು ವರ್ಷ ಸೋಡಿಯಂ ಫ್ಲೋರೈಡ್ ತಿಂದವರ ಬೆನ್ನುಮೂಳೆಯ ಸಾಂದ್ರತೆ ಶೇ. 35 ಏರಿತು, ಕೈಕಾಲು ಮೂಳೆ ಮುರಿತಗಳೂ ಏರಿದವು. ಆದ್ದರಿಂದ ಇಂಥ ನೀರು ಕುಡಿದವಳ ಡೆಕ್ಸಾ (ಮೂಳೆಯ ಸಾಂದ್ರತೆ ಅಳೆಯುವ ಪರೀಕ್ಷೆ) ವರದಿ ‘ಚೆನ್ನಾಗಿದೆ’ ಎಂದರೆ ನಂಬಿ ಸುಮ್ಮನೆ ಕೂರುವಂತಿಲ್ಲ. ಡೆಕ್ಸಾ ಮಾಡಿಸಲು ದೊಡ್ಡ ಊರಿಗೆ ಹೋಗಬೇಕಾದ ಕಷ್ಟ ಬೇರೆ.

ಹಾರ್ಮೋನ್ ಚಿಕಿತ್ಸೆಗೆ ಮಿತಿ ಇದೆ. ಬಿಟ್ಟ ಮೇಲೆ ಮೂಳೆ ಮತ್ತೆ ಕರಗತೊಡಗುತ್ತದೆ, ಗಳಿಕೆ ಕೆಲವೇ ವರ್ಷದಲ್ಲಿ ಹೋಗುತ್ತದೆ. ಅರವತ್ತು ದಾಟಿದ ಅಜ್ಜಿಗೆ ಮೂಳೆಗೆಂದೇ ಹೊಸದಾಗಿ ಶುರು ಮಾಡುವುದು ಸರಿಯಲ್ಲ. ಅವರಿಗೆ ಅಲೆಂಡ್ರೊನೇಟ್ ಇದೆ. ವಾರಕ್ಕೊಂದು 70 ಮಿಲಿಗ್ರಾಂ ಗುಳಿಗೆ, ಬೆಳಗ್ಗೆ ಬರಿಹೊಟ್ಟೆಗೆ ಲೋಟ ತುಂಬ ನೀರಿನ ಜೊತೆ, ಆಮೇಲೆ ಅರ್ಧ ಗಂಟೆ ಮಲಗಬಾರದು. ಮಂಡಿ ಕೀಲು ಸವೆದ ನೋವಿಗೆ ಈ ಎರಡೂ ಮದ್ದಲ್ಲ.

ಒಟ್ಟಿನಲ್ಲಿ ಔಷಧಿ ಒಳ್ಳೆಯದೇ, ಹಂಚಿಕೆ ಕೆಟ್ಟದ್ದು. ಅಂಡಾಶಯ ತೆಗೆಯುವ ಕೈಗೆ ಅದರ ಬದಲಿಗೆ ಏನು ಕೊಡುತ್ತೇನೆಂದು ಬರೆಯುವ ಹೊಣೆಯೂ ಇರಬೇಕು, ಅದೂ ಅವಳು ಓದುವ ಭಾಷೆಯಲ್ಲಿ. ಅದು ಆಗುವವರೆಗೆ ಓದುಗರು ಮಾಡಬಹುದಾದ್ದು ಒಂದಿದೆ. ನಿಮ್ಮ ಮನೆಯಲ್ಲಿ ಅಮ್ಮ, ಅಕ್ಕ, ಚಿಕ್ಕಮ್ಮ ಯಾರಾದರೂ ನಲವತ್ತೈದರೊಳಗೆ ಗರ್ಭಕೋಶ ತೆಗೆಸಿದ್ದರೆ ಆ ಹಳೆಯ ಕವರ್ ಬಿಚ್ಚಿ, ಕಾರ್ಡಿನಲ್ಲಿ ‘ಬಿಎಸ್‌ಒ’ ಇದೆಯೇ ನೋಡಿ. ಇದ್ದರೂ ಇಲ್ಲದಿದ್ದರೂ ಕಾರ್ಡ್ ಸಮೇತ ಅವರನ್ನು ಸ್ತ್ರೀರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗಿ, ಹಾರ್ಮೋನ್ ಬೇಕೇ ಎಂದು ನೀವೇ ಬಾಯಿಬಿಟ್ಟು ಕೇಳಿ.