ಯೋಬನ ಹೆಂಡತಿಯ ಕೈಯ ನೀರು

ಯೋಬನ ಗ್ರಂಥವನ್ನು ಕುರಿತು ನಾವು ಕೇಳಿರುವ ಪ್ರಬೋಧನೆಗಳಿಗೆ ಲೆಕ್ಕವಿಲ್ಲ. ಯೋಬನ ತಾಳ್ಮೆ, ಗೆಳೆಯರ ವಾದ, ಬಿರುಗಾಳಿಯೊಳಗಿಂದ ಬಂದ ದೇವರ ಉತ್ತರ, ಇವೆಲ್ಲವೂ ನಮಗೆ ಪರಿಚಿತ. ಆದರೆ ಆ ಬೂದಿರಾಶಿಯ ಪಕ್ಕದಲ್ಲಿ ಇನ್ನೊಂದು ಜೀವವಿತ್ತು. ಅದು ಯೋಬನ ಹೆಂಡತಿ. 42 ಅಧ್ಯಾಯಗಳ ಈ ಮಹಾಕೃತಿಯಲ್ಲಿ ಆಕೆಗೆ ಹೆಸರಿಲ್ಲ. ಆಕೆ ಬಾಯಿ ತೆರೆಯುವುದು ಒಂದೇ ಒಂದು ವಚನದಲ್ಲಿ (2:9). ದೇವರನ್ನು ದೂಷಿಸಿ ಸಾಯಬಾರದೇ ಎಂಬ ಅರ್ಥದ ಆ ಮಾತಿಗಾಗಿ ಆಕೆ ಶತಮಾನಗಳ ಕಾಲ ದಂಡ ತೆತ್ತಿದ್ದಾಳೆ. ಸಂತ ಅಗಸ್ಟೀನರಂಥ ಮಹಾಜ್ಞಾನಿಯೂ ಆಕೆಯನ್ನು ಸೈತಾನನ ಸಹಾಯಕಿಯೆಂದು ಕರೆದರು.

ಈ ತೀರ್ಪನ್ನು ಮರಳಿ ಪರಿಶೀಲಿಸುವ ಅಗತ್ಯವಿದೆ. ಆಕೆಯ ಮಾತು ಕಹಿಯಾದದ್ದು, ನಿಜ. ಆದರೆ ಯೋಬನು ಅವಳನ್ನು ಮೂರ್ಖಳೆನ್ನುವುದಿಲ್ಲ. ಮೂರ್ಖಳಂತೆ ಮಾತನಾಡುತ್ತಿರುವೆ ಎಂದಷ್ಟೇ ಹೇಳುತ್ತಾನೆ. ಗ್ರಂಥದ ಕೊನೆಯಲ್ಲಿ ದೇವರ ಕೋಪ ಎರಗುವುದು ಧರ್ಮಬೋಧೆ ಮಾಡಿದ ಗೆಳೆಯರ ಮೇಲೆ (42:7), ಅವಳ ಮೇಲಲ್ಲ. ಕಳೆದುಹೋದ ಹತ್ತು ಮಕ್ಕಳು ಅವಳ ಮಕ್ಕಳೂ ಹೌದಲ್ಲವೇ? ಹೀಬ್ರೂ ಮೂಲ ಈ ಕುರಿತು ಮೌನವಾಗಿದೆ. ಆದರೆ ಸೆಪ್ಟುಅಜಿಂಟ್ ಎಂಬ ಪ್ರಾಚೀನ ಗ್ರೀಕ್ ಅನುವಾದ ಆ ಮೌನವನ್ನು ಸಹಿಸಲಿಲ್ಲ. ಅಲ್ಲಿ ಆಕೆ ದೀರ್ಘವಾಗಿ ಮಾತನಾಡುತ್ತಾಳೆ. ತಾನು ಹೆತ್ತ ಮಕ್ಕಳ ನೆನಪೇ ಅಳಿದುಹೋಯಿತೆಂದು ಗೋಳಾಡುತ್ತಾಳೆ. ಮನೆಯಿಂದ ಮನೆಗೆ ಕೂಲಿಗೆ ಅಲೆಯುತ್ತ, ಯಾವಾಗ ಹೊತ್ತು ಮುಳುಗೀತು, ಯಾವಾಗ ವಿಶ್ರಾಂತಿ ಸಿಕ್ಕೀತು ಎಂದು ಕಾಯುವ ತನ್ನ ಪಾಡನ್ನು ಹೇಳಿಕೊಳ್ಳುತ್ತಾಳೆ. ಇದು ಸೈತಾನನ ಸಹಾಯಕಿಯ ಮಾತಲ್ಲ, ದಣಿದ ಸಂಗಾತಿಯ ಮಾತು.

ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ ಸುಮಾರು 1504ರಲ್ಲಿ ಈ ದಂಪತಿಯನ್ನು ಚಿತ್ರಿಸಿದನು. ಫ್ರಾಂಕ್‌ಫರ್ಟಿನ ಸ್ಟೇಡೆಲ್ ಸಂಗ್ರಹಾಲಯದಲ್ಲಿರುವ ಆ ಚಿತ್ರದಲ್ಲಿ ಯೋಬನು ತಲೆಗೆ ಕೈಹೊತ್ತು ಕುಳಿತಿದ್ದಾನೆ. ಹಿಂದೆ ಬೆಂಕಿ ಉರಿಯುತ್ತಿದೆ. ಹೆಂಡತಿ ಪಾತ್ರೆಯಿಂದ ಅವನ ಮೈಮೇಲೆ ನೀರು ಸುರಿಯುತ್ತಿದ್ದಾಳೆ. ಇದು ಅಣಕವೋ ಆರೈಕೆಯೋ ಎಂಬ ವಿಷಯದಲ್ಲಿ ವಿಮರ್ಶಕರಿಗೆ ಒಮ್ಮತವಿಲ್ಲ. ಉರಿಯುವ ಹುಣ್ಣುಗಳ ಮೇಲೆ ತಣ್ಣೀರು ಬಿದ್ದರೆ ಕ್ಷಣಕಾಲವಾದರೂ ಹಾಯೆನಿಸೀತು; ಆದ್ದರಿಂದ ನಾನು ಆರೈಕೆಯ ಪಕ್ಷದವನು. ಗೆಳೆಯರು ಬಾಯಿ ಬಳಸಿದರು, ಈಕೆ ಕೈ ಬಳಸಿದಳು.

ಈ ನೀರಿನ ಪಾತ್ರೆ ಇಂದು ನಮ್ಮ ಮನೆಗಳಲ್ಲಿ ಬೇರೆ ರೂಪದಲ್ಲಿದೆ. ಕ್ಯಾನ್ಸರ್ ಮುಂತಾದ ತೀವ್ರ ನೋವಿಗೆ ವೈದ್ಯರು ಫೆಂಟನಿಲ್ ಔಷಧದ ಪಟ್ಟಿಯನ್ನು ಚರ್ಮಕ್ಕೆ ಅಂಟಿಸಲು ಕೊಡುತ್ತಾರೆ. ಸಾಮಾನ್ಯವಾಗಿ 72 ಗಂಟೆಗೊಮ್ಮೆ ಅದನ್ನು ಬದಲಿಸಬೇಕು. ಮೊದಲ ಪಟ್ಟಿ ಪೂರ್ಣವಾಗಿ ಕೆಲಸಮಾಡಲು 12ರಿಂದ 24 ಗಂಟೆಗಳಾದರೂ ಬೇಕು. ಆ ರಾತ್ರಿ ಸಂಗಾತಿಯ ಪಾಲಿಗೆ ಬಹಳ ದೀರ್ಘ. ನಮ್ಮ ಕರಾವಳಿಯಲ್ಲಿ ನೋವೆಂದರೆ ಎಣ್ಣೆ ತಿಕ್ಕುವುದು, ಬಿಸಿ ಶಾಖ ಕೊಡುವುದು ಪ್ರೀತಿಯ ರೂಢಿ. ಇಲ್ಲಿ ಆ ಪ್ರೀತಿಯೇ ಅಪಾಯ ತಂದೀತು. ಎಣ್ಣೆಯ ಚರ್ಮಕ್ಕೆ ಪಟ್ಟಿ ಅಂಟದು. ಶಾಖ ತಗುಲಿದರೆ ಔಷಧವು ಅಳತೆಮೀರಿ ದೇಹವನ್ನು ಸೇರುತ್ತದೆ. ಜ್ವರ ಬಂದಾಗಲೂ ಇದೇ ಭಯ. ಎಬ್ಬಿಸಿದರೂ ಏಳದ ನಿದ್ದೆ, ನಿಧಾನವಾದ ಉಸಿರು ಕಂಡರೆ ಪಟ್ಟಿಯನ್ನು ಕಿತ್ತು ತಕ್ಷಣ ಆಸ್ಪತ್ರೆಗೆ ಧಾವಿಸಬೇಕು. ಪಟ್ಟಿಯನ್ನು ಕತ್ತರಿಸಬಾರದು. ತೆಗೆದ ಪಟ್ಟಿಯಲ್ಲೂ ಔಷಧ ಉಳಿದಿರುವುದರಿಂದ ಅಂಟು ಒಳಗಾಗುವಂತೆ ಮಡಚಿ, ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡಬೇಕು. ಇಷ್ಟನ್ನೂ ನೆನಪಿಟ್ಟು ನಡೆಸುವವರು ಯಾರು? ಗಂಡ, ಅಥವಾ ಹೆಂಡತಿ. ವಿವಾಹದ ದಿನ ರೋಗದಲ್ಲಿಯೂ ಜೊತೆಗಿರುವೆನೆಂದು ಕೊಟ್ಟ ಮಾತಿನ ಅರ್ಥ ಕೊನೆಗೆ ಇಷ್ಟು ಸಣ್ಣ ಕೆಲಸಗಳಲ್ಲಿ ತಿಳಿಯುತ್ತದೆ.

ಈ ಪಟ್ಟಿಯನ್ನು ದೊರಕಿಸಿಕೊಳ್ಳುವುದೂ ಸುಲಭವಲ್ಲ. 1985ರ ಮಾದಕವಸ್ತು ಕಾಯಿದೆಯ ಬಿಗಿಯಿಂದಾಗಿ ನೋವಿನ ಔಷಧವು ನಿಜವಾಗಿ ಬೇಕಾದವರಿಗೂ ದುರ್ಲಭವಾಯಿತು. 2014ರ ತಿದ್ದುಪಡಿ ಅಗತ್ಯ ಔಷಧಗಳಿಗೆ ದೇಶಕ್ಕೆಲ್ಲ ಒಂದೇ ನಿಯಮದ ದಾರಿ ಮಾಡಿಕೊಟ್ಟಿತು. ಹಾಗಿದ್ದರೂ ಭಟ್ಕಳದ ಮುಟ್ಟಳ್ಳಿಯಂಥ ಊರಿನ ಕುಟುಂಬವು ದೊಡ್ಡ ಆಸ್ಪತ್ರೆಯನ್ನು ಅರಸಿ ಮಣಿಪಾಲಕ್ಕೆ ಹೊರಟರೆ ಸುಮಾರು 90 ಕಿಲೋಮೀಟರ್ ದಾರಿ. ರೋಗಿಯನ್ನು ಮನೆಯಲ್ಲಿ ಒಂಟಿಯಾಗಿ ಬಿಟ್ಟು ಹೋಗುವುದು ಹೇಗೆ?

ಇದಕ್ಕಿಂತ ಭಾರವಾದದ್ದು ನಮ್ಮ ಮಾತು. "ಅದು ಅಮಲಿನ ಮದ್ದಂತೆ." "ನೋವನ್ನು ದೇವರಿಗೆ ಒಪ್ಪಿಸಬಾರದೇ?" ಪೂಜೆ ಮುಗಿಸಿ ಬಂದವರ ಬಾಯಲ್ಲೇ ಇಂಥ ನುಡಿಗಳಿರುತ್ತವೆ. ವೈದ್ಯರ ನಿಗಾ ಇಲ್ಲದೆ ಈ ಔಷಧವನ್ನು ಬಳಸಬಾರದೆಂಬುದು ನಿಜ. ದುರ್ಬಳಕೆಯ ಅಪಾಯವೂ ನಿಜ. ಆದರೆ ನೋವಿಗಾಗಿ ಅಳತೆಯಲ್ಲಿ ಕೊಟ್ಟ ಔಷಧಕ್ಕೆ ದೇಹವು ಹೊಂದಿಕೊಳ್ಳುವುದು ಬೇರೆ, ಚಟ ಬೇರೆ. ಧರ್ಮಸಭೆಯ ಬೋಧನೆಯಲ್ಲಿಯೂ ಗೊಂದಲವಿಲ್ಲ. ನೋವುನಿವಾರಕವನ್ನು ನಿರಾಕರಿಸುವ ಸಾಮಾನ್ಯ ನೈತಿಕ ಹೊಣೆ ಕ್ರೈಸ್ತನಿಗಿಲ್ಲವೆಂದು ಜಗದ್ಗುರು ಹನ್ನೆರಡನೆಯ ಪಿಯುಸ್‌ರವರು 1957ರ ಫೆಬ್ರವರಿಯಲ್ಲಿಯೇ ಅರಿವಳಿಕೆ ವೈದ್ಯರಿಗೆ ಉತ್ತರಿಸಿದ್ದರು. ಶಿಲುಬೆಯ ಬಳಿ ಯೇಸುಸ್ವಾಮಿ ರಕ್ತಬೋಳ ಬೆರೆತ ದ್ರಾಕ್ಷಾರಸವನ್ನು ಕುಡಿಯಲಿಲ್ಲವೆಂದು ವಾದಿಸುವವರಿದ್ದಾರೆ. ಅವರು ಅದೇ ಸ್ವಾಮಿ ಹೇಳಿದ ಸಮಾರ್ಯದವನನ್ನೂ ನೆನೆಯಲಿ. ಅವನು ಗಾಯಾಳುವಿಗೆ ಸಹನೆಯನ್ನು ಬೋಧಿಸಲಿಲ್ಲ. ಎಣ್ಣೆ, ದ್ರಾಕ್ಷಾರಸ ಹೊಯ್ದು ಗಾಯ ಕಟ್ಟಿದನು. ತಾನಾಗಿ ಆರಿಸಿಕೊಂಡ ತ್ಯಾಗ ಒಂದು. ಇನ್ನೊಬ್ಬರ ಮೇಲೆ ಹೇರುವ ನೋವು ಮತ್ತೊಂದು.

ಯೋಬನ ಗೆಳೆಯರು ಮಾಡಿದ ಅತ್ಯುತ್ತಮ ಕೆಲಸವೆಂದರೆ ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನೊಡನೆ ಕುಳಿತದ್ದು. ಆದರೆ ಅವರಲ್ಲಿ ಒಬ್ಬನಾದರೂ ಎದ್ದು, "ತಾಯೀ, ಈ ರಾತ್ರಿ ನಾವು ನೋಡಿಕೊಳ್ಳುತ್ತೇವೆ, ನೀನು ಸ್ವಲ್ಪ ಮಲಗು" ಎಂದು ಅವಳಿಗೆ ಹೇಳಿದ್ದನ್ನು ಗ್ರಂಥ ದಾಖಲಿಸಿಲ್ಲ. ನಿಮ್ಮ ನೆರೆಯಲ್ಲಿ ಅಂಥ ಮನೆಯಿದ್ದರೆ ರೋಗಿಯ ಯೋಗಕ್ಷೇಮ ಕೇಳಿದ ಮೇಲೆ ಆರೈಕೆ ಮಾಡುವವರ ಮುಖವನ್ನೂ ನೋಡಿರಿ. ಮಣಿಪಾಲದ ಬಸ್ಸು ಹತ್ತಿ ಔಷಧ ತಂದುಕೊಡಿರಿ; ಅವರು ಪೂಜೆಗೆ ಹೋಗಿಬರುವಷ್ಟು ಹೊತ್ತು ಮಂಚದ ಬಳಿ ಕುಳಿತಿರಿ. ಅವರ ಬಾಯಿಂದ ಒಂದು ಕಹಿ ಮಾತು ಹೊರಟರೆ, ತೀರ್ಪು ಕೊಡುವ ಮೊದಲು ಅವರು ನಿದ್ದೆಮಾಡಿ ಎಷ್ಟು ದಿನವಾಯಿತೆಂದು ಕೇಳಿರಿ.