ದತ್ತವಸ್ತು ಮತ್ತು ಲೇಖನಿಯ ಸ್ತಬ್ಧತೆ

ಲೇಖಕನ ಬರಹ ನಿಂತುಹೋದರೆ ಪ್ರತಿಭೆ ಬತ್ತಿತೆಂದು ನಿರ್ಣಯಿಸುವುದು ಆಧುನಿಕ ವಿಮರ್ಶೆಯ ರೂಢಿ. ಪಂಪನ ನಿದರ್ಶನವು ಈ ರೂಢಿಯ ಮರುಪರಿಶೀಲನೆಯನ್ನು ಬೇಡುತ್ತದೆ. ಇಂದಿನ ತೆಲಂಗಾಣದಲ್ಲಿರುವ ವೇಮುಲವಾಡದಿಂದ ಆಳಿದ ಅರಿಕೇಸರಿಯ ಆಶ್ರಿತನಾದ ಈ ಕವಿ, 'ವಿಕ್ರಮಾರ್ಜುನ ವಿಜಯ'ವು ಆರು ತಿಂಗಳಲ್ಲಿಯೂ 'ಆದಿಪುರಾಣ'ವು (ಕ್ರಿ.ಶ. 941) ಮೂರು ತಿಂಗಳಲ್ಲಿಯೂ ಮುಗಿದುವೆಂದು ತಾನೇ ಹೇಳಿಕೊಂಡಿದ್ದಾನೆ. ಈ ಮಾತಿನಲ್ಲಿ ಕವಿಸಹಜವಾದ ಅತಿಶಯ ಎಷ್ಟೇ ಇರಲಿ, ಏನನ್ನು ಬರೆಯಬೇಕೆಂಬ ಪ್ರಶ್ನೆ ಅವನಿಗೆ ಎದುರಾಗಿರಲಿಲ್ಲವೆಂಬುದು ಸ್ಪಷ್ಟ. ಒಂದರ ವಸ್ತು ವ್ಯಾಸನಿಂದ, ಇನ್ನೊಂದರದು ಜಿನಸೇನನಿಂದ ದತ್ತವಾಗಿತ್ತು. ಹಾಗೆಂದು ದತ್ತವಾದುದು ಬಂಧನವಾಗಲಿಲ್ಲ. ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯಾಗಿಸಿದ, ಅರ್ಜುನನಲ್ಲಿ ಅರಿಕೇಸರಿಯನ್ನು ಕಂಡ ಸ್ವಾತಂತ್ರ್ಯವು ಪಂಪನದೇ.

ಲೇಖಕನ ಎಲ್ಲ ಮೌನಕ್ಕೂ ಒಂದೇ ಕಾರಣವಿರಲಾರದು. ಆದರೆ ವಸ್ತುವೂ ಸ್ವಂತದ್ದೇ ಆಗಿರಬೇಕೆಂಬ ಈ ಕಾಲದ ನಿರೀಕ್ಷೆಯು ಹಲವು ವೇಳೆ ಲೇಖನಿಯನ್ನು ತಡೆಯುತ್ತದೆಂಬುದು ನಮ್ಮ ಅಭಿಪ್ರಾಯ. ಬಿ.ಎಂ.ಶ್ರೀ. ಅವರ 'ಇಂಗ್ಲಿಷ್ ಗೀತಗಳು' (1926) ಅನ್ಯಭಾಷೆಯ ಕವಿತೆಗಳನ್ನು ಆಧರಿಸಿಯೇ ಹೊಸಗನ್ನಡ ಕಾವ್ಯಕ್ಕೆ ಹಾದಿ ತೆರೆದುದನ್ನು ಇಲ್ಲಿ ನೆನೆಯಬೇಕು.

ಹೊರನಾಡಿನ ಕನ್ನಡ ಬರಹಗಾರರ ಮಟ್ಟಿಗೆ ಈ ವಿಚಾರ ಇನ್ನಷ್ಟು ಪ್ರಸ್ತುತ. ದಿನನಿತ್ಯದ ಕನ್ನಡದಿಂದ ದೂರವಾಗಿ ಬರಹ ನಿಂತಾಗ, ತಮ್ಮ ಸುತ್ತಲಿನ ಮರಾಠಿ, ತೆಲುಗು ಅಥವಾ ತಮಿಳು ಕೃತಿಯೊಂದನ್ನು ಕನ್ನಡಿಸುವುದು ಸೃಷ್ಟಿಯಿಂದ ಪಲಾಯನವಲ್ಲ. 'ಏನು' ಎಂಬ ಭಾರವನ್ನು ಇಳಿಸಿ 'ಹೇಗೆ' ಎಂಬುದರಲ್ಲಿ ಮತ್ತೆ ತೊಡಗುವ ಸಾಧನೆ. ಅನುವಾದವನ್ನು ಎರಡನೆಯ ದರ್ಜೆಯ ಕಾರ್ಯವೆಂದು ಎಣಿಸುವ ವಿಮರ್ಶೆಯು ಈ ಬಾಗಿಲನ್ನೂ ಮುಚ್ಚುತ್ತದೆ.