ನೂರು ಪೌಂಡಿನ ಬೋನಸ್, ಮೂರೂವರೆ ಸಾವಿರದ ಆಟ

“ಅಂಕಲ್, ನಾನು ನೂರು ಹಾಕಿದ್ರೆ ಅವರೂ ನೂರು ಕೊಡ್ತಾರಂತೆ. ಸೋತ್ರೂ ಅರ್ಧ ಅವರ ದುಡ್ಡೇ ಅಲ್ವಾ?”

2025ರ ಅಕ್ಟೋಬರ್. ಮ್ಯಾಂಚೆಸ್ಟರ್‌ನ ನಮ್ಮ ಮನೆಗೆ ಊಟಕ್ಕೆ ಬಂದಿದ್ದ ಸ್ನೇಹಿತರ ಮಗ ಫೋನನ್ನು ನನ್ನ ಮುಂದೆ ಹಿಡಿದ. ಹಾಸನದ ಹುಡುಗ, ಇಪ್ಪತ್ಮೂರು ವಯಸ್ಸು, ಇಲ್ಲಿ ಎಂಎಸ್ಸಿ ಓದುತ್ತಿದ್ದಾನೆ. ಆನ್‌ಲೈನ್ ಕ್ಯಾಸಿನೊ ಒಂದರ ಜಾಹೀರಾತಿನ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲಿತ್ತು: ಬೋನಸ್ ಮೇಲೆ 35 ಪಟ್ಟು ವೇಜರಿಂಗ್. “ಇದನ್ನು ಓದಿದೆಯಾ?” ಎಂದೆ. ಓದಿದ್ದ. ಅದರ ಅರ್ಥ ಮಾತ್ರ ಹೊಳೆದಿರಲಿಲ್ಲ.

ಇಸ್ಪೀಟ್ ಎಲೆಗಳ ಲೆಕ್ಕಾಚಾರ ನನಗೆ ಚಿಕ್ಕಂದಿನಿಂದಲೂ ಪ್ರಿಯವಾದದ್ದು. ಆಟದ ನಿಯಮ ಮೇಜಿನ ಮೇಲೆ ಎದ್ದು ಕಾಣುವಂತಿದ್ದರೆ ಸೋಲಿನಲ್ಲೂ ಒಂದು ನ್ಯಾಯವಿರುತ್ತದೆ. ಈ 35 ಪಟ್ಟು ಎಂಬುದು ಆಟದ ನಿಯಮವಲ್ಲ, ಆಟಕ್ಕೆ ಕೂರಿಸುವ ಕರಾರು. ಕೊಟ್ಟ 100 ಪೌಂಡ್ ಬೋನಸ್ ನಿಮ್ಮ ಕೈಗೆ ಬರಬೇಕಾದರೆ ಮೊದಲು ಒಟ್ಟು 3,500 ಪೌಂಡ್ ಕಟ್ಟಿ ಆಡಿ ಮುಗಿಸಿರಬೇಕು. ಕೆಲವು ಕಡೆ ಷರತ್ತು ಇನ್ನೂ ಬಿಗಿ. ಬೋನಸ್‌ನ ಜೊತೆ ನೀವು ಹಾಕಿದ ದುಡ್ಡನ್ನೂ ಸೇರಿಸಿ 35ರಿಂದ ಗುಣಿಸುತ್ತಾರೆ. ಆಗ ಮೊತ್ತ 7,000. “ಬೋನಸ್ ಮೇಲೆ” ಎಂದಿದೆಯೋ “ಬೋನಸ್ ಮತ್ತು ಠೇವಣಿ ಮೇಲೆ” ಎಂದಿದೆಯೋ ಎಂದು ಮೊದಲು ನೋಡಬೇಕಾದದ್ದು ಇದಕ್ಕೇ.

ಅದೇ ನೂರನ್ನು ತಿರುಗಿಸಿ ಮುರುಗಿಸಿ ಕಟ್ಟುತ್ತಾ ಹೋದರೆ ಆಯಿತಲ್ಲ, ಇದರಲ್ಲಿ ನಷ್ಟವೇನು ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಉತ್ತರ ಆಡಿಸುವವನ ಪಾಲಿನಲ್ಲಿದೆ.

ನಮ್ಮ ಅಂದರ್ ಬಾಹರನ್ನೇ ತೆಗೆದುಕೊಳ್ಳಿ. ಹಬ್ಬದ ಜಗುಲಿಯಿಂದ ಹೊರಟ ಆ ಆಟ ಈಗ ಆನ್‌ಲೈನ್ ಕ್ಯಾಸಿನೊಗಳ ಲೈವ್ ಮೇಜನ್ನೂ ಸೇರಿದೆ. ಮೊದಲ ಎಲೆ ಬೀಳುವ ಕಡೆ ನೂರಕ್ಕೆ ಸುಮಾರು 51.5 ಸಲ ಗೆಲ್ಲುತ್ತದೆ. ಆದ್ದರಿಂದ ಆ ಕಡೆ ನೂರು ಕಟ್ಟಿ ಗೆದ್ದವನಿಗೆ ಸಾಮಾನ್ಯವಾಗಿ ಕೊಡುವುದು ತೊಂಬತ್ತು. ಸೋತರೆ ಹೋಗುವುದು ಪೂರಾ ನೂರು. ಕೂಡಿ ಕಳೆದು ನೋಡಿದರೆ ಕಟ್ಟಿದ ಪ್ರತಿ ನೂರರಲ್ಲಿ 2.15 ಆಡಿಸುವವನಿಗೆ ಉಳಿಯುತ್ತದೆ. ಯಾರೂ ಮೋಸ ಮಾಡಬೇಕಾಗಿಲ್ಲ, ಎಲೆ ಬೀಳುತ್ತಿದ್ದರೆ ಸಾಕು. ಒಂದೇ ಸೊನ್ನೆಯಿರುವ ಯುರೋಪಿಯನ್ ರೂಲೆಟ್‌ನಲ್ಲಿ ಈ ಪಾಲು 2.7. ಸ್ಲಾಟ್‌ನಲ್ಲಿ ಆರ್‌ಟಿಪಿ, ಅಂದರೆ ಕಟ್ಟಿದ ನೂರರಲ್ಲಿ ಆಟಗಾರರಿಗೆ ಸರಾಸರಿ ಮರಳುವ ಪಾಲು, 96 ಎಂದು ಬರೆದಿದ್ದರೆ ಆಡಿಸುವವನ ಪಾಲು 4 ಎಂದು ಓದಿಕೊಳ್ಳಬೇಕು.

ಈಗ ಗುಣಿಸಿ. 3,500 ಪೌಂಡ್ ಕಟ್ಟಿದರೆ ನೂರಕ್ಕೆ ನಾಲ್ಕರಂತೆ ಸರಾಸರಿ 140 ಪೌಂಡ್ ಆಡಿಸುವವನ ಜೇಬಿಗೆ. ಬೋನಸ್ ಕೊಟ್ಟದ್ದು 100. ಕೊಟ್ಟದ್ದಕ್ಕಿಂತ ಕಿತ್ತುಕೊಳ್ಳುವುದೇ ಹೆಚ್ಚು. ಪಾಲು 4 ಇರುವ ಆಟದಲ್ಲಿ 25 ಪಟ್ಟಿಗೆ ಬಂದಾಗಲೇ ಬೋನಸ್ ಲೆಕ್ಕದಲ್ಲಿ ಪೂರ್ತಿ ಕರಗಿರುತ್ತದೆ. ಅದರಾಚೆಗೆ ಕಟ್ಟುವುದೆಲ್ಲ ನಿಮ್ಮ ದುಡ್ಡಿನ ಮೇಲಿನ ಹೊರೆ. ಇದು ಸರಾಸರಿಯ ಮಾತು, ಒಬ್ಬ ಗೆದ್ದು ಎದ್ದಾನು. ಆದರೆ ಖಾತೆ ನಡುವೆಯೇ ಬರಿದಾದರೆ ಆಟ ಅಲ್ಲಿಗೇ ನಿಲ್ಲುತ್ತದೆ, 3,500ರ ಗಡಿ ಮುಟ್ಟದೆಯೇ ಅನೇಕರ ಠೇವಣಿ, ಬೋನಸ್ ಎರಡೂ ಮುಗಿದಿರುತ್ತವೆ.

ಹುಡುಗನ ಮನಸ್ಸಿಗೆ ಸಂಖ್ಯೆ ಇಳಿಯಲಿಲ್ಲ. ಗಡಿಯಾರ ಇಳಿಯಿತು. ಬ್ರಿಟನ್ನಿನಲ್ಲಿ 2025ರ ಮೇ 21ರಿಂದ 18ರಿಂದ 24 ವಯಸ್ಸಿನವರು ಆನ್‌ಲೈನ್ ಸ್ಲಾಟ್‌ನಲ್ಲಿ ಒಂದು ಸುತ್ತಿಗೆ 2 ಪೌಂಡಿಗಿಂತ ಹೆಚ್ಚು ಕಟ್ಟುವಂತಿಲ್ಲ. ಅಂದರೆ ಅವನು ಕನಿಷ್ಠ 1,750 ಸಲ ಬಟನ್ ಒತ್ತಬೇಕು. ಒಂದೊಂದಕ್ಕೆ ಹತ್ತು ಸೆಕೆಂಡು ಎಂದರೂ ಐದು ಗಂಟೆಗೆ ಸುಮಾರು ಎಂಟು ನಿಮಿಷ ಕಡಿಮೆ. “ಅಷ್ಟು ಹೊತ್ತು ಒತ್ತುತ್ತಾ ಕೂತಿರ್ಬೇಕಾ?” ಎಂದು ಫೋನನ್ನು ಮಗುಚಿಟ್ಟ.

ಸ್ಲಾಟ್ ಬೇಡ, ಪಾಲು ಕಡಿಮೆಯಿರುವ ಬ್ಲ್ಯಾಕ್‌ಜ್ಯಾಕ್ ಆಡೋಣ ಎಂಬ ಜಾಣತನ ಬಲ್ಲವರಿಗೆ ಹೊಳೆಯುತ್ತದೆ. ನನಗೂ ಅಚ್ಚುಮೆಚ್ಚಿನ ಆಟ ಅದು. 1962ರಲ್ಲಿ ಎಡ್ವರ್ಡ್ ಥಾರ್ಪ್ ಎಂಬ ಗಣಿತಜ್ಞ ‘ಬೀಟ್ ದ ಡೀಲರ್’ ಪುಸ್ತಕದಲ್ಲಿ, ಬಿದ್ದ ಎಲೆಗಳನ್ನು ನೆನಪಿಟ್ಟವನು ಡೀಲರ್‌ನನ್ನೇ ಮೀರಬಲ್ಲ ಎಂದು ತೋರಿಸಿಕೊಟ್ಟ. ಎಲೆ ಎಣಿಸದೆ ಬರೀ ಕ್ರಮ ತಪ್ಪದೆ ಆಡಿದರೂ ಅನುಕೂಲಕರ ನಿಯಮಗಳಿರುವ ಮೇಜಿನಲ್ಲಿ ಆಡಿಸುವವನ ಪಾಲು ಅರ್ಧ ಶೇಕಡಾದ ಆಸುಪಾಸಿಗೆ ಇಳಿಯುತ್ತದೆ. ಇದು ಕ್ಯಾಸಿನೊದವರಿಗೂ ಗೊತ್ತು. ಹೀಗಾಗಿ ಷರತ್ತುಗಳಲ್ಲಿ ಆಟಕ್ಕೊಂದು ತೂಕ: ಸ್ಲಾಟ್‌ಗೆ ನೂರಕ್ಕೆ ನೂರು, ಬ್ಲ್ಯಾಕ್‌ಜ್ಯಾಕ್‌ಗೆ ಹತ್ತೋ ಐದೋ, ಕೆಲವು ಕಡೆ ಸೊನ್ನೆ. ಹತ್ತರ ತೂಕವಿದ್ದರೆ 3,500 ತೀರಿಸಲು 35,000 ಪೌಂಡ್ ಕಟ್ಟಬೇಕು. ಅರ್ಧ ಶೇಕಡಾ ಹಿಡಿದರೂ ಹೋಗುವುದು 175. ಸ್ಲಾಟ್‌ಗಿಂತ ಹೆಚ್ಚೇ ಆಯಿತು.

ಸ್ಲಾಟ್ ಆಡುವವರೂ ಆಟದ ಒಳಗಿನ ಮಾಹಿತಿ ಪುಟ ತೆರೆದು ಆರ್‌ಟಿಪಿ ನೋಡಲೇಬೇಕು. ಒಂದೇ ಹೆಸರಿನ, ಒಂದೇ ಚಿತ್ರದ ಸ್ಲಾಟ್ ಒಂದು ಕಡೆ 96, ಇನ್ನೊಂದು ಕಡೆ 94 ಇರುವುದುಂಟು. ಎರಡೇ ಅಂಕಿ ಎನ್ನಬೇಡಿ, 140 ಇದ್ದ ನಷ್ಟ 210ಕ್ಕೆ ಏರುತ್ತದೆ. ಬೋನಸ್ ಎಷ್ಟು ದಿನದೊಳಗೆ ಮುಗಿಸಬೇಕು, ಒಂದು ಸಲಕ್ಕೆ ಎಷ್ಟರವರೆಗೆ ಕಟ್ಟಬಹುದು, ಗೆದ್ದರೆ ತೆಗೆಯಲು ಮಿತಿಯಿದೆಯೇ, ಇವನ್ನೂ ಓದಿಕೊಳ್ಳಿ. ಒಂದು ಸಲ ಮಿತಿ ಮೀರಿ ಕಟ್ಟಿದ್ದಕ್ಕೆ ಗೆದ್ದದ್ದೆಲ್ಲ ರದ್ದಾಗುವ ಷರತ್ತುಗಳಿವೆ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತಿತ್ತು. ಬೋನಸ್ ಒಪ್ಪಿಕೊಂಡ ತಪ್ಪಿಗೆ ಆಟಗಾರನ ಸ್ವಂತ ದುಡ್ಡೂ ಷರತ್ತಿನೊಳಗೆ ಸಿಕ್ಕಿಬೀಳುತ್ತಿತ್ತು. ಬ್ರಿಟನ್ನಿನ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರ ತನಿಖೆ ನಡೆಸಿದ ಮೇಲೆ, 2018ರ ಫೆಬ್ರವರಿಯಲ್ಲಿ ಲ್ಯಾಡ್‌ಬ್ರೋಕ್ಸ್, ವಿಲಿಯಂ ಹಿಲ್, ಪಿಟಿ ಎಂಟರ್‌ಟೈನ್‌ಮೆಂಟ್ ಕಂಪನಿಗಳು ಈ ಪದ್ಧತಿ ಬಿಡುವುದಾಗಿ ಒಪ್ಪಿದವು. ಆಗಲೇಬೇಕಿದ್ದ ಕೆಲಸ ಅದು. ಇಷ್ಟು ಪಟ್ಟು ಎಂಬ ಷರತ್ತಿಗೇ ಕಡಿವಾಣ ಬೀಳಲು ಮತ್ತೆ ಎಂಟು ವರ್ಷ ಬೇಕಾಯಿತು. 2026ರ ಜನವರಿ 19ರಿಂದ ಇಲ್ಲಿನ ಗ್ಯಾಂಬ್ಲಿಂಗ್ ಕಮಿಷನ್ ಪರವಾನಗಿ ಪಡೆದ ಯಾರೂ ಬೋನಸ್‌ನ 10 ಪಟ್ಟಿಗಿಂತ ಹೆಚ್ಚು ಕೇಳುವಂತಿಲ್ಲ. ಅದೇ 96ರ ಸ್ಲಾಟ್‌ನಲ್ಲಿ ಈಗ ಕಟ್ಟಬೇಕಾದದ್ದು 1,000, ಸರಾಸರಿ ನಷ್ಟ 40. ಬೋನಸ್‌ನಲ್ಲಿ 60 ಲೆಕ್ಕಕ್ಕೆ ಉಳಿಯುತ್ತದೆ. ನಾನು ಈ ಆಟಗಳನ್ನು ಗಮನಿಸುತ್ತಾ ಬಂದ ಇಷ್ಟು ವರ್ಷಗಳಲ್ಲಿ ಆಟಗಾರನ ಪರವಾಗಿ ಬಂದ ಅತಿ ಉಪಯುಕ್ತ ನಿಯಮ ಇದೇ ಎನ್ನುತ್ತೇನೆ. ಆದರೂ ಬೋನಸ್ ಮುಗಿದ ಮರುಕ್ಷಣದಿಂದ ಪ್ರತಿ ನೂರಕ್ಕೆ ನಾಲ್ಕು ಹೋಗುವುದು ನಿಲ್ಲುವುದಿಲ್ಲ. ಎದ್ದು ಹೋಗಲು ಆಗದು ಎನಿಸಿದವರಿಗೆ ಇಲ್ಲಿ ಗ್ಯಾಮ್‌ಸ್ಟಾಪ್ ಇದೆ. ಒಮ್ಮೆ ಹೆಸರು ಕೊಟ್ಟರೆ ಪರವಾನಗಿಯಿರುವ ಎಲ್ಲ ಆನ್‌ಲೈನ್ ಜೂಜು ತಾಣಗಳೂ ಬಾಗಿಲು ಹಾಕುತ್ತವೆ, ಅದಕ್ಕೆ ಶುಲ್ಕವಿಲ್ಲ.

ಊರಿನ ಓದುಗರಿಗೆ ಒಂದು ಮಾತು. ಆನ್‌ಲೈನ್ ಜೂಜು ತಡೆಯಲು ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಹೊಸ ಕಾಯ್ದೆ ತಂದಿತು. ಅದೃಷ್ಟದ ಆಟವಿರಲಿ, ಕೌಶಲದ ಆಟವಿರಲಿ, ದುಡ್ಡು ಕಟ್ಟಿಸಿಕೊಂಡು ಆನ್‌ಲೈನ್‌ನಲ್ಲಿ ಆಡಿಸುವುದನ್ನು, ಅದರ ಜಾಹೀರಾತನ್ನು ಆ ಕಾಯ್ದೆ ನಿಷೇಧಿಸಿದೆ. ಆದರೂ ವಾಟ್ಸಾಪ್, ಟೆಲಿಗ್ರಾಂಗಳಲ್ಲಿ ಹೊರದೇಶದ ತಾಣಗಳ ಬೋನಸ್ ಲಿಂಕ್‌ಗಳು ಬರುತ್ತಲೇ ಇವೆ. ಬ್ರಿಟನ್ನಿನ 10 ಪಟ್ಟಿನ ಮಿತಿ ಆ ತಾಣಗಳಿಗಿಲ್ಲ, ದುಡ್ಡು ಸಿಕ್ಕಿಬಿದ್ದರೆ ಅಲ್ಲಿ ನಿಮ್ಮ ದೂರು ಕೇಳುವವರೂ ಇಲ್ಲ. ಅಂಥ ಲಿಂಕ್ ಬಂದರೆ ಒತ್ತಬೇಡಿ, ಇನ್ನೊಬ್ಬರಿಗೆ ಕಳಿಸಲೂಬೇಡಿ.